33ರಿಂದ 37.5ಕ್ಕೆ: ಹೃದಯ ನಿಂತು ಮರಳಿದವರ ಮೈತಾಪ ಕಾಯುವ ಕೆಲಸ

ನಿಂತ ಹೃದಯ ಮತ್ತೆ ಬಡಿಯತೊಡಗಿದೆ, ಬಿಪಿ ಸಿಗುತ್ತಿದೆ, ಉಸಿರುನಳಿಗೆಯನ್ನು ವೆಂಟಿಲೇಟರ್‌ಗೆ ಜೋಡಿಸಿಯಾಗಿದೆ. ಆದರೆ ರೋಗಿ ಕಣ್ಣು ಬಿಡುತ್ತಿಲ್ಲ. ಕೈ ಹಿಡಿದು ‘ಬೆರಳು ಒತ್ತಿ’ ಎಂದರೆ ಒತ್ತುತ್ತಿಲ್ಲ. ಐಸಿಯುನಲ್ಲಿ ಮೈತಾಪದ ನಿಯಂತ್ರಣ ಬೇಕಾಗುವುದು ಇಂಥವರಿಗೆ. ಸಿಪಿಆರ್ ಮುಗಿದ ಸ್ವಲ್ಪ ಹೊತ್ತಿಗೇ ಹೇಳಿದ ಮಾತು ಕೇಳಿ ಕೈ ಎತ್ತಿದವರಿಗೆ ಇದರ ಅಗತ್ಯವಿಲ್ಲ. ಅವರನ್ನು ಮಲಗಿಸಿ ತಂಪು ಮಾಡಲು ಹೋಗುವುದರಿಂದ ನಷ್ಟವೇ ಹೆಚ್ಚು.

33 ಡಿಗ್ರಿ ಸೆಲ್ಸಿಯಸ್ ಗುರಿಯನ್ನು ಬಿಟ್ಟು 37.5 ದಾಟದಂತೆ ನೋಡಿಕೊಂಡರೆ ಸಾಕು ಎಂಬಲ್ಲಿಗೆ ಬಂದ ಮೇಲೆ ಐಸಿಯುಗಳ ಕೆಲಸ ಹಗುರಾಯಿತು ಎಂದುಕೊಂಡವರು ಬಹಳ ಮಂದಿ. ಹಾಸಿಗೆಯ ಪಕ್ಕ ನಿಲ್ಲುವ ನಮಗೆ ಹಾಗೆ ಕಾಣುವುದಿಲ್ಲ. ಬದಲಾದದ್ದು ಗುರಿಯ ಅಂಕಿ. ಮೈಯೊಳಗಿನ ತಾಪ ಅಳೆಯುವ ಪ್ರೋಬ್, ನಡುಕ, ಮಂಪರಿನ ಔಷಧಿ, ಪೊಟ್ಯಾಶಿಯಂ, ಮೂರು ದಿನದ ಕಾವಲು ಎಲ್ಲ ಹಾಗೆಯೇ ಇವೆ.

ಮೆದುಳಿಗೆ ಪೆಟ್ಟು ಬೀಳುವುದು ರಕ್ತ ನಿಂತಾಗ ಮಾತ್ರವಲ್ಲ, ರಕ್ತ ಮತ್ತೆ ಹರಿದಾಗಲೂ ಬೀಳುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಮಿತಿಮೀರಿ ಸುರಿಯುತ್ತದೆ, ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಫ್ರೀ ರ‍್ಯಾಡಿಕಲ್‌ಗಳು ಪೊರೆಗಳನ್ನು ಸುಡುತ್ತವೆ. ಇದು ಗಂಟೆಗಳಿಂದ ದಿನಗಳವರೆಗೆ ನಡೆಯುತ್ತದೆ. ಮೈತಾಪ ಒಂದು ಡಿಗ್ರಿ ಇಳಿದರೆ ಮೆದುಳಿನ ಆಮ್ಲಜನಕದ ಬೇಡಿಕೆ ಶೇಕಡ 6ರಿಂದ 8ರಷ್ಟು ಇಳಿಯುತ್ತದೆ. ಏರಿದರೆ ಬೇಡಿಕೆಯೂ ಏರುತ್ತದೆ. ತಂಪಿನ ಚಿಕಿತ್ಸೆಯ ತರ್ಕ ಇಷ್ಟೇ.

2002ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಬಂದವು. ಯುರೋಪಿನದು 275 ರೋಗಿಗಳದು: 32ರಿಂದ 34 ಡಿಗ್ರಿಯಲ್ಲಿ 24 ಗಂಟೆ ಇಟ್ಟವರಲ್ಲಿ ಶೇಕಡ 55 ಮಂದಿಯ ಮೆದುಳು ಚೆನ್ನಾಗಿ ಚೇತರಿಸಿತು, ಇಡದವರಲ್ಲಿ ಶೇಕಡ 39. ಆಸ್ಟ್ರೇಲಿಯಾದ ಬರ್ನಾರ್ಡ್ ತಂಡದ 77 ರೋಗಿಗಳಲ್ಲಿ 33 ಡಿಗ್ರಿ, 12 ಗಂಟೆ. ಅಂತರ ಶೇಕಡ 49ಕ್ಕೆ 26. ಜಗತ್ತಿನ ಐಸಿಯುಗಳು ಐಸ್ ಕೊಂಡುಕೊಳ್ಳತೊಡಗಿದ್ದು ಆಗ. 2013ರಲ್ಲಿ ನೀಲ್ಸನ್ ತಂಡ 33ನ್ನು 36ಕ್ಕೆ ಹೋಲಿಸಿತು, ವ್ಯತ್ಯಾಸ ಸಿಗಲಿಲ್ಲ. ಫ್ರಾನ್ಸಿನ ಹೈಪೀರಿಯನ್ ಅಧ್ಯಯನ 2019ರಲ್ಲಿ ಶಾಕ್ ಕೊಡಲಾಗದ ಲಯದವರನ್ನು (ವಿದ್ಯುತ್ ಆಘಾತ ಕೆಲಸ ಮಾಡದ ರೀತಿಯಲ್ಲಿ ಹೃದಯ ನಿಂತವರನ್ನು) ಮಾತ್ರ ತೆಗೆದುಕೊಂಡು 33ರಲ್ಲಿ ಇಟ್ಟು ನೋಡಿತು: ಒಳ್ಳೆಯ ಚೇತರಿಕೆ ಶೇಕಡ 10.2, 37ರಲ್ಲಿ ಇಟ್ಟವರಲ್ಲಿ 5.7, ಸಾವಿನ ಪ್ರಮಾಣದಲ್ಲಿ ಮಾತ್ರ ಅಂತರವಿಲ್ಲ. ಆಮೇಲೆ 2021ರ ಟಿಟಿಎಂ-2 ಅಧ್ಯಯನ. ಸುಮಾರು 1,850 ರೋಗಿಗಳು, 33 ಡಿಗ್ರಿ ಒಂದು ಕಡೆ, ಜ್ವರ ತಡೆಯುವುದಷ್ಟೇ ಇನ್ನೊಂದು ಕಡೆ. ಆರು ತಿಂಗಳಿಗೆ ತೀರಿಕೊಂಡವರು ಶೇಕಡ 50 ಮತ್ತು 48. ಬಿಪಿ ಕುಸಿಯುವಷ್ಟು ಹೃದಯದ ಲಯ ಕೆಟ್ಟದ್ದು ತಂಪಿನ ಗುಂಪಿನಲ್ಲಿ ಶೇಕಡ 24, ಇನ್ನೊಂದರಲ್ಲಿ 17.

ಈ ಅಧ್ಯಯನದ ಒಂದು ಅಂಕಿಯನ್ನು ಓದದೆ ಬಿಡುವವರು ಜಾಸ್ತಿ. ‘ತಂಪು ಮಾಡದ’ ಗುಂಪಿನಲ್ಲೂ ಶೇಕಡ 46 ಮಂದಿಗೆ ತಂಪು ಮಾಡುವ ಯಂತ್ರ ಹಾಕಬೇಕಾಯಿತು. ಮೈತಾಪ 37.8 ಮುಟ್ಟಿದರೆ ಯಂತ್ರ ಹಚ್ಚಿ 37.5ಕ್ಕೆ ನಿಲ್ಲಿಸಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು. ಅಂದರೆ ಆ ಅಧ್ಯಯನ ಏನೂ ಮಾಡದೆ ಕೂತ ಗುಂಪಿನ ಜೊತೆ ಹೋಲಿಸಿದ್ದಲ್ಲ. ಯುರೋಪಿನ 2022ರ ಮಾರ್ಗಸೂಚಿ 37.7 ಮೀರದಂತೆ ಕನಿಷ್ಠ 72 ಗಂಟೆ ಕಾಯಿರಿ ಎಂದಿತು; ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ 32ರಿಂದ 37.5ರೊಳಗೆ ಒಂದು ಗುರಿ ಆರಿಸಿ ಅದನ್ನೇ ಹಿಡಿದುಕೊಳ್ಳಿ ಎಂದಿತು. ‘ಈಗ ತಂಪು ಬೇಕಿಲ್ಲವಂತೆ’ ಎಂದು ಮೂಲೆಗೆ ತಳ್ಳಿದ ಯಂತ್ರಗಳ ಪಕ್ಕದಲ್ಲೇ 39 ಡಿಗ್ರಿ ಜ್ವರದಲ್ಲಿ ರೋಗಿ ಮಲಗಿರುವುದು ಆ ಮಾರ್ಗಸೂಚಿಗಳ ಅರ್ಥವಲ್ಲ.

ಮೊದಲ ಗಂಟೆಯಲ್ಲಿ ತಾಪಕ್ಕಿಂತ ಮುಂಚೆ ನೋಡಬೇಕಾದವು ಬೇರೆ ಇವೆ. ಇಸಿಜಿ ತೆಗೆದು, ಹೃದಯಾಘಾತ ಸ್ಪಷ್ಟವಾಗಿದ್ದರೆ ನೇರ ಕ್ಯಾಥ್ ಲ್ಯಾಬ್ (ಹೃದಯದ ಮುಚ್ಚಿದ ರಕ್ತನಾಳ ತೆರೆಯುವ ಕೋಣೆ). ಕಾರಣ ಹೃದಯದ್ದು ಎನಿಸದಿದ್ದರೆ ತಲೆಯ ಸಿಟಿ. ಮೆದುಳಿನ ರಕ್ತಸ್ರಾವದಿಂದಲೂ ಹೃದಯ ನಿಲ್ಲುತ್ತದೆ. ಆಮ್ಲಜನಕದ ಪ್ರಮಾಣ ಶೇಕಡ 94ರಿಂದ 98, ರಕ್ತದ ಇಂಗಾಲದ ಡೈಆಕ್ಸೈಡ್ 35ರಿಂದ 45, ಸರಾಸರಿ ಬಿಪಿ 65ರ ಮೇಲೆ. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗನ್ನು ಗಾಬರಿಯಲ್ಲಿ ಬೇಗ ಬೇಗ ಒತ್ತುವುದು ಬಹಳ ಕಡೆ ಕಾಣುವ ತಪ್ಪು. ಇಂಗಾಲದ ಡೈಆಕ್ಸೈಡ್ 25ಕ್ಕೆ ಇಳಿದರೆ ಮೆದುಳಿನ ರಕ್ತನಾಳ ಮುದುಡಿ, ಈಗಷ್ಟೇ ಮರಳಿದ ರಕ್ತ ಮತ್ತೆ ಕಡಿಮೆಯಾಗುತ್ತದೆ.

ಆಮೇಲೆ ಪ್ರೋಬ್. ಕಂಕುಳ ಥರ್ಮಾಮೀಟರ್ ಇಲ್ಲಿ ನಡೆಯುವುದಿಲ್ಲ. ಚರ್ಮದ ರಕ್ತನಾಳ ಮುದುಡಿರುವಾಗ ಅದು ಹೇಳುವುದು ಚರ್ಮದ ಕಥೆಯನ್ನು. ನಮ್ಮ ಮೊದಲ ಆಯ್ಕೆ ಅನ್ನನಾಳದ ಪ್ರೋಬ್: ಮೂಗಿನಿಂದ ಸುಮಾರು 35–40 ಸೆಂ.ಮೀ. ಒಳಗೆ, ಎಕ್ಸ್-ರೇಯಲ್ಲಿ ಅದರ ತುದಿ ಹೃದಯದ ಹಿಂದೆ ಕಾಣಬೇಕು. ಮೇಲೆಯೇ ನಿಂತರೆ ವೆಂಟಿಲೇಟರ್ ಗಾಳಿಯ ತಾಪ ತಾಗಿ ಅಂಕಿ ಸುಳ್ಳಾಗುತ್ತದೆ. ಮೂತ್ರಕೋಶದ ಪ್ರೋಬ್ ಚೆನ್ನಾಗಿದೆ, ಮೂತ್ರ ಹರಿಯುತ್ತಿರುವವರೆಗೆ ಮಾತ್ರ. ಗುದದ್ದು ನಿಧಾನ; ಒಳಗಿನ ತಾಪ ಬದಲಾದದ್ದನ್ನು ತಡವಾಗಿ ಹೇಳುತ್ತದೆ. ಅದರ ಜೊತೆಗೆ ಇನ್ನೊಂದು ಅಪಾಯವೂ ಇದೆ. ಸ್ವಯಂಚಾಲಿತ ಯಂತ್ರಕ್ಕೆ ಜೋಡಿಸಿದ ಪ್ರೋಬ್ ಕಳಚಿ ಹಾಸಿಗೆಗೆ ಬಿದ್ದರೆ ಯಂತ್ರ ಕೋಣೆಯ ತಾಪವನ್ನು ರೋಗಿಯದೆಂದು ತಿಳಿದು, ರೋಗಿಯನ್ನು ಬಿಸಿ ಮಾಡತೊಡಗುತ್ತದೆ. ಅದಕ್ಕೇ ಎರಡು ಕಡೆ ಪ್ರೋಬ್ ಇರಲಿ: ಒಂದು ಯಂತ್ರಕ್ಕೆ, ಒಂದು ಮಾನಿಟರ್‌ಗೆ. ಎರಡರ ನಡುವೆ ಅಂತರ ಹಿಗ್ಗಿದರೆ ಮೊದಲು ಹೊದಿಕೆ ಎತ್ತಿ ನೋಡಬೇಕು.

ಚಾರ್ಟ್‌ನಲ್ಲಿ ಸೆಲ್ಸಿಯಸ್ ಮಾತ್ರ ಬರೆಯಬೇಕು. ಮನೆಗಳಲ್ಲೂ ವಾರ್ಡುಗಳಲ್ಲೂ ಫ್ಯಾರನ್‌ಹೀಟ್ ಬಳಕೆ ಇರುವುದರಿಂದ ‘99.8, ಜ್ವರ ಇಲ್ಲ’ ಎಂದು ಹ್ಯಾಂಡೋವರ್ ಆಗಿಬಿಡುತ್ತದೆ. ಈ ರೋಗಿಗೆ 99.5 ಫ್ಯಾರನ್‌ಹೀಟೇ ಮೇಲಿನ ಗೆರೆ.

ಕೆಲವರು ಬರುವಾಗಲೇ 35ರ ಆಸುಪಾಸಿನಲ್ಲಿರುತ್ತಾರೆ. ಅವರಿಗೆ ಬಿಸಿ ಕಂಬಳಿ ಹೊದಿಸಬಾರದು. ತಾವಾಗಿ ನಿಧಾನಕ್ಕೆ ಏರಲಿ. ತಂಪು ಮಾಡಬೇಕಾದಾಗ ಯಂತ್ರವಿಲ್ಲದ ಆಸ್ಪತ್ರೆಯಲ್ಲೂ ದಾರಿ ಇದೆ: ಹೊದಿಕೆ ತೆಗೆದು, ತೆಳು ಬಟ್ಟೆ ಒದ್ದೆ ಮಾಡಿ ಹೊದಿಸಿ, ಫ್ಯಾನ್ ಹಾಕಿ, ಕುತ್ತಿಗೆಯ ಎರಡು ಬದಿ, ಕಂಕುಳು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇಡುವುದು. ಬಟ್ಟೆಯಿಲ್ಲದೆ ಇಟ್ಟರೆ, ಅದರಲ್ಲೂ ರಕ್ತನಾಳ ಮುದುಡಿಸಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿದ್ದರೆ, ಚರ್ಮ ಸಾಯುತ್ತದೆ. ಐಸ್‌ನ ದೊಡ್ಡ ತೊಂದರೆ ಅದು ತಣ್ಣಗೆ ಮಾಡುವುದಿಲ್ಲ ಎಂಬುದಲ್ಲ, ನಿಲ್ಲಿಸಿದ ಮೇಲೂ ತಾಪ ಇಳಿಯುತ್ತಲೇ ಹೋಗುವುದು. 33 ಗುರಿಯಿಟ್ಟವರು 34 ಮುಟ್ಟಿದಾಗಲೇ ಐಸ್ ತೆಗೆಯಬೇಕು. 30ರ ಕೆಳಗೆ ಜಾರಿದರೆ ಹೃದಯ ಬಡಿಯದೆ ಬರಿದೇ ಅದುರುವ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ನಿನ ಭಯ.

4 ಡಿಗ್ರಿಯ ಸಲೈನ್ ಅಥವಾ ಆರ್‌ಎಲ್, ಕಿಲೋಗೆ 30 ಎಂಎಲ್, ಅರ್ಧ ಗಂಟೆಯಲ್ಲಿ: ಇದು ಒಂದೂವರೆ ಡಿಗ್ರಿಯಷ್ಟು ಬೇಗ ಇಳಿಸುತ್ತದೆ. 70 ಕಿಲೋ ವ್ಯಕ್ತಿಗೆ ಅದು 2 ಲೀಟರಿಗೂ ಹೆಚ್ಚು. ಈಗಷ್ಟೇ ನಿಂತು ಬಡಿಯತೊಡಗಿದ ಹೃದಯ ಅಷ್ಟನ್ನು ತಾಳುತ್ತದೆಯೇ? 2014ರಲ್ಲಿ ಸಿಯಾಟಲ್ ಸುತ್ತಮುತ್ತ ಆಂಬುಲೆನ್ಸಿನಲ್ಲೇ ಹೀಗೆ ಕೊಟ್ಟು ನೋಡಿದ 1,359 ರೋಗಿಗಳ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ದಾರಿಯಲ್ಲೇ ಹೃದಯ ಮತ್ತೆ ನಿಂತದ್ದು ಶೇಕಡ 26, ಕೊಡದವರಲ್ಲಿ 21. ಶ್ವಾಸಕೋಶದಲ್ಲಿ ನೀರು ತುಂಬಿದ್ದೂ ಹೆಚ್ಚು. ಆದ್ದರಿಂದ ಎಕೋ (ಹೃದಯದ ಸ್ಕ್ಯಾನ್) ನೋಡದೆ ತಣ್ಣನೆ ಬಾಟಲಿ ತೂಗುಹಾಕಬಾರದು. ಅದೂ ತಂಪು ಶುರು ಮಾಡುವುದಕ್ಕೆ ಮಾತ್ರ, ಇಳಿದ ತಾಪವನ್ನು ಹಾಗೆಯೇ ಕಾಯ್ದುಕೊಳ್ಳುವುದಕ್ಕೆ ಅಲ್ಲ. ಕಾಯ್ದುಕೊಳ್ಳಲು ಬೇಕಾದದ್ದು ನೀರು ಹರಿಯುವ ಜೆಲ್ ಪ್ಯಾಡ್ ಇಲ್ಲವೇ ತೊಡೆಯ ಅಭಿಧಮನಿಯಲ್ಲಿ ಹಾಕುವ ತಂಪಿನ ಕ್ಯಾತಿಟರ್. ಜೆಲ್ ಪ್ಯಾಡಿನ ನೀರಿನ ಹರಿವು ಕಡಿಮೆ ತೋರಿಸಿದರೆ ಪ್ಯಾಡ್ ಮಡಚಿದೆ, ಜೋಡಣೆಯಲ್ಲಿ ಗಾಳಿ ಸೇರಿದೆ, ಅಥವಾ ಟ್ಯಾಂಕಿನ ನೀರು ಇಳಿದಿದೆ. ಅಲಾರಂ ಒತ್ತಿ ಸುಮ್ಮನಾಗಿಸುವ ಮೊದಲು ಈ ಮೂರನ್ನು ನೋಡಬೇಕು. ಪ್ಯಾಡಿನ ಅಂಚು ಎತ್ತಿ ಚರ್ಮ ನೋಡುವುದು ಶಿಫ್ಟಿಗೊಮ್ಮೆ ಸಾಲದು. ನಾಲ್ಕು ಗಂಟೆಗೊಮ್ಮೆಯಾದರೂ ಆಗಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ನಡುಕ. ಮೈತಾಪ 36.5ಕ್ಕೆ ಇಳಿದಾಗ ಚರ್ಮದ ರಕ್ತನಾಳ ಮುದುಡುತ್ತವೆ, 35.5ರ ಹೊತ್ತಿಗೆ ನಡುಕ ಶುರು. 34ರ ಕೆಳಗೆ ಹೋದರೆ ಬಹಳ ಜನರಲ್ಲಿ ಅದು ತಾನೇ ಕಡಿಮೆಯಾಗುತ್ತದೆ. ಅದಕ್ಕೇ 36ರ ಗುರಿ 33ಕ್ಕಿಂತ ಸುಲಭ ಎಂದುಕೊಂಡವರಿಗೆ ಮೊದಲ ರಾತ್ರಿಯೇ ಉತ್ತರ ಸಿಗುತ್ತದೆ: ಆ ತಾಪದಲ್ಲಿ ದೇಹ ಪೂರ್ತಿ ಬಲದಿಂದ ಎದುರು ನಿಲ್ಲುತ್ತದೆ. ಜ್ವರ ಬಂದ ಮೆದುಳಿಗಂತೂ ಗುರಿಯೇ 39 ಆಗಿರುತ್ತದೆ, ಆಗ 37.5ರಲ್ಲೂ ನಡುಗುತ್ತದೆ. ನಡುಕದಿಂದ ಆಮ್ಲಜನಕದ ಬಳಕೆ ಎರಡು ಮೂರು ಪಟ್ಟಾಗುತ್ತದೆ. ಯಾವ ಲಾಭಕ್ಕೆ ತಂಪು ಮಾಡಿದೆವೋ ಅದೇ ಹೋಗುತ್ತದೆ.

ಕಣ್ಣಿಗೆ ಕಾಣುವ ಮೊದಲೇ ಅದನ್ನು ಕೈಯಲ್ಲಿ ಹಿಡಿಯಬಹುದು. ದವಡೆಯ ಸ್ನಾಯು, ಕುತ್ತಿಗೆ, ಎದೆಯ ಮೇಲೆ ಅಂಗೈ ಇಟ್ಟರೆ ಸಣ್ಣ ಗುಂಯ್‌ಗುಡುವಿಕೆ ಸಿಗುತ್ತದೆ. ಇಸಿಜಿಯ ಗೆರೆ ಒರಟಾಗುತ್ತದೆ. ನಡುಕ ಇಲ್ಲದಿದ್ದರೆ 0, ಕುತ್ತಿಗೆ-ಎದೆಯಲ್ಲಿ ಮಾತ್ರ ಇದ್ದರೆ 1, ತೋಳಿಗೂ ಬಂದರೆ 2, ಮೈಯೆಲ್ಲ ನಡುಗಿದರೆ 3. ಗಂಟೆಗೊಮ್ಮೆ ಈ ಅಂಕಿ ಚಾರ್ಟಿಗೆ ಬರಬೇಕು. ತಡೆಯುವುದು ಮೆಟ್ಟಿಲು ಮೆಟ್ಟಿಲಾಗಿ. ಶುರುವಿನಿಂದಲೇ ಎಲ್ಲರಿಗೂ ಪ್ಯಾರಾಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ, ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆ) ನಡುಕ ತಗ್ಗಿಸುವ ಬುಸ್ಪಿರೋನ್ 30 ಎಂಜಿ, ರಕ್ತದ ಮೆಗ್ನೀಶಿಯಂ 3–4 ಎಂಜಿ/ಡಿಎಲ್ ಮಟ್ಟಕ್ಕೆ. ಅಂಗೈ, ಅಂಗಾಲು, ಮುಖಕ್ಕೆ ಬಿಸಿಗಾಳಿಯ ಹೊದಿಕೆ. ತಂಪು ಮಾಡುತ್ತಿರುವವರಿಗೆ ಬಿಸಿ ಹೊದಿಸುವುದು ವಿಚಿತ್ರ ಎನಿಸಬಹುದು. ಆದರೆ ನಡುಗಬೇಕೋ ಬೇಡವೋ ಎಂದು ಮೆದುಳು ತೀರ್ಮಾನಿಸುವುದರಲ್ಲಿ ಚರ್ಮದ ತಾಪಕ್ಕೂ ಪಾಲಿದೆ, ಚರ್ಮ ಬೆಚ್ಚಗಿದ್ದರೆ ಒಳಗಿನ ತಂಪನ್ನು ಅದು ಸಹಿಸುತ್ತದೆ. ಆಮೇಲೆ ನೋವು ತಗ್ಗಿಸುವ, ಮಂಪರು ತರುವ ಫೆಂಟನಿಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್, ಆಮೇಲೆ ಪ್ರೊಪೊಫಾಲ್. ಪೆಥಿಡಿನ್ 25–50 ಎಂಜಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮೂತ್ರಪಿಂಡ ಸೋತವರಲ್ಲಿ ಅದರ ಉಳಿಕೆ ಸೇರಿ ಫಿಟ್ಸ್ ಬರಬಹುದು. ಕೊನೆಯದು ಸ್ನಾಯು ಸಡಿಲಿಸುವ ಅಟ್ರಾಕ್ಯೂರಿಯಂ. ಅದನ್ನು ಹಾಕಿದ ಮೇಲೆ ಫಿಟ್ಸ್ ಬಂದರೂ ಹೊರಗೆ ಕಾಣುವುದಿಲ್ಲ, ಆದ್ದರಿಂದ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಇಲ್ಲದೆ ಅದನ್ನು ಗಂಟೆಗಟ್ಟಲೆ ಓಡಿಸುವುದನ್ನು ನಾವು ಒಪ್ಪುವುದಿಲ್ಲ. ಮಂಪರು ಸಾಲದೆ ಸಡಿಲಿಕೆ ಮಾತ್ರ ಕೊಟ್ಟರೆ ರೋಗಿ ಎಚ್ಚರವಿದ್ದೂ ಅಲುಗಾಡಲಾಗದೆ ಮಲಗಿರಬಹುದು. ಅದಕ್ಕಿಂತ ಕ್ರೂರವಾದದ್ದು ಐಸಿಯುನಲ್ಲಿ ಇನ್ನೊಂದಿಲ್ಲ.

ಯಂತ್ರದ ಪರದೆಯಲ್ಲಿ ರೋಗಿಯ ತಾಪದ ಪಕ್ಕದಲ್ಲೇ ನೀರಿನ ತಾಪ ಇರುತ್ತದೆ. ಅದನ್ನು ಓದಲು ಕಲಿತವರಿಗೆ ಅರ್ಧ ಕೆಲಸ ಸಲೀಸು. ರೋಗಿಯದು 36ರಲ್ಲೇ ನೇರ ಗೆರೆ, ಆದರೆ ನೀರು 25ರಿಂದ 15ಕ್ಕೆ, 15ರಿಂದ 8ಕ್ಕೆ ಇಳಿಯುತ್ತಿದೆ ಎಂದರೆ ಒಳಗೆ ಯಾವುದೋ ಶಾಖ ಹುಟ್ಟುತ್ತಿದೆ: ನಡುಕ, ಇಲ್ಲವೇ ಸೋಂಕಿನ ಜ್ವರ. ಯಂತ್ರ ಓಡುತ್ತಿರುವಾಗ ಜ್ವರ ಮಾನಿಟರ್‌ನಲ್ಲಿ ಕಾಣುವುದಿಲ್ಲ, ನೀರಿನಲ್ಲಿ ಕಾಣುತ್ತದೆ. ಸಿಪಿಆರ್ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಿರುವುದು ಸಾಮಾನ್ಯ, ತಂಪು ಸೋಂಕಿನ ವಿರುದ್ಧದ ಶಕ್ತಿಯನ್ನೂ ಕುಗ್ಗಿಸುತ್ತದೆ. ನೀರು ತಣ್ಣಗಾಗುತ್ತಾ ಹೋದರೆ ಕಫ ಮತ್ತು ರಕ್ತದ ಕಲ್ಚರ್ ಕಳಿಸುವ ಹೊತ್ತು ಬಂದಿದೆ.

33ರ ಗುರಿಯಿದ್ದಾಗ ರಕ್ತಪರೀಕ್ಷೆಯ ಅಂಕಿಗಳೂ ಬೇರೆಯಾಗಿ ನಡೆದುಕೊಳ್ಳುತ್ತವೆ. ತಂಪಿನಲ್ಲಿ ಪೊಟ್ಯಾಶಿಯಂ ಜೀವಕೋಶದೊಳಗೆ ಸರಿಯುತ್ತದೆ, ಮೂತ್ರವೂ ಜಾಸ್ತಿ ಹೋಗುತ್ತದೆ. ಮೂತ್ರಪಿಂಡ ಚೆನ್ನಾಗಿದೆ ಎಂದು ಸಂತೋಷಪಡುವಂತಿಲ್ಲ, ಅದು ತಂಪಿನ ಮೂತ್ರ, ದೇಹ ಒಣಗುತ್ತಿದೆ. ಪೊಟ್ಯಾಶಿಯಂ 3.5ರ ಮೇಲಿಡಲು ಕೊಡಬೇಕು, ಆದರೆ 4.5ಕ್ಕೆ ಏರಿಸಲು ಹಟ ಹಿಡಿಯಬಾರದು. ಬಿಸಿ ಮಾಡುವಾಗ ಒಳಗೆ ಹೋದದ್ದೆಲ್ಲ ಹೊರಗೆ ಬರುತ್ತದೆ. ಸಕ್ಕರೆಯದೂ ಇದೇ ಕಥೆ: ತಂಪಿನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಿಸಿಯಾಗುತ್ತಿದ್ದಂತೆ ಒಮ್ಮೆಲೇ ಮಾಡತೊಡಗುತ್ತದೆ. ತಣ್ಣನೆ ಬೆರಳಿನಿಂದ ತೆಗೆದ ಗ್ಲೂಕೋಮೀಟರ್ ಅಂಕಿಯನ್ನು ನಂಬದೆ ಆರ್ಟೀರಿಯಲ್ ಲೈನಿನ (ಅಪಧಮನಿಯಲ್ಲಿ ಹಾಕಿದ ನಳಿಗೆಯ) ರಕ್ತ ನೋಡಬೇಕು. ಎದೆಬಡಿತ 40ಕ್ಕೆ ಇಳಿದರೆ, ಬಿಪಿ ಮತ್ತು ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಅಂಶ) ಸರಿಯಿದ್ದರೆ, ಅದನ್ನು ಏರಿಸಲು ಹೋಗುವ ಅಗತ್ಯವಿಲ್ಲ. ಇಸಿಜಿಯ ಕ್ಯೂಟಿ ಅಂತರ (ಒಂದು ಬಡಿತದ ಮೇಲೆ ಹೃದಯ ಮತ್ತೆ ಸಜ್ಜಾಗುವ ಹೊತ್ತು) ಉದ್ದವಾಗಿರುತ್ತದೆ, ಅದನ್ನು ಇನ್ನೂ ಉದ್ದ ಮಾಡುವ ಹಾಲೋಪೆರಿಡಾಲ್, ಒಂಡಾನ್ಸೆಟ್ರಾನ್ ಕೈಗೆತ್ತಿಕೊಳ್ಳುವ ಮೊದಲು ಇಸಿಜಿ ನೋಡಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಲ್ಯಾಬಿನವರು 37ಕ್ಕೆ ಬಿಸಿ ಮಾಡಿ ನೋಡುತ್ತಾರೆ. ವರದಿ ಸಹಜ ಎಂದಿದ್ದರೂ 33ರ ದೇಹದಲ್ಲಿ ರಕ್ತ ಜಿನುಗಬಹುದು.

33ರಲ್ಲಿ 24 ಗಂಟೆ ಮುಗಿದ ಮೇಲೆ ಬಿಸಿ ಮಾಡುವುದು ಗಂಟೆಗೆ 0.25 ಡಿಗ್ರಿ. 33ರಿಂದ 36.5ಕ್ಕೆ ಅಂದರೆ 14 ಗಂಟೆ. ಪೊಟ್ಯಾಶಿಯಂ ಡ್ರಿಪ್ ಮೊದಲೇ ನಿಲ್ಲಿಸಿ, ಇನ್ಸುಲಿನ್ ಇಳಿಸುತ್ತಾ ಬಂದು, ರಕ್ತನಾಳ ಸಡಿಲಾಗಿ ಬಿಪಿ ಬಿದ್ದರೆ ಕೊಡಲು ದ್ರವ ಸಿದ್ಧವಿಟ್ಟುಕೊಳ್ಳಬೇಕು. ಐಸ್ ತೆಗೆದು ಕಂಬಳಿ ಹೊದಿಸಿ ‘ತಾನೇ ಏರಲಿ’ ಎಂದು ಬಿಟ್ಟ ಕಡೆ ನಾಲ್ಕೈದು ಗಂಟೆಯಲ್ಲೇ 38 ದಾಟಿಬಿಡಬಹುದು. 36.5 ಮುಟ್ಟಿತೆಂದು ಪ್ಯಾಡ್ ಕಿತ್ತುಹಾಕುವುದೂ ಅಷ್ಟೇ ತಪ್ಪು; ಹಿಂದೆಯೇ ಜ್ವರ ಬರುತ್ತದೆ. 72 ಗಂಟೆವರೆಗೆ ಪ್ಯಾಡ್ ಮೈಮೇಲೆಯೇ ಇರಲಿ.

ಯಂತ್ರ ಇದೆಯೆಂದು ಎಲ್ಲ ಮೆದುಳಿನ ರೋಗಕ್ಕೂ ಹಚ್ಚುವಂತಿಲ್ಲ. ತಲೆಗೆ ಪೆಟ್ಟಾದವರ ಮೇಲಿನ 2015ರ ಯೂರೋಥರ್ಮ್ ಅಧ್ಯಯನ, ತಂಪು ಮಾಡಿದವರ ಸ್ಥಿತಿಯೇ ಕೆಡುತ್ತಿದೆಯೆಂದು ಅರ್ಧಕ್ಕೆ ನಿಂತಿತು. ಅಂಥವರ ಮೇಲೆಯೇ ನಡೆದ 2018ರ ಪೋಲಾರ್‌ನಲ್ಲಿ ಲಾಭವಿರಲಿಲ್ಲ. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳ ವಿಷಯ ನಮಗೆ ಇನ್ನೂ ಹತ್ತಿರದ್ದು. ಶ್ರೀಮಂತ ದೇಶಗಳಲ್ಲಿ ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ 33.5ರಲ್ಲಿ 72 ಗಂಟೆ ಇಡುವುದು ಸ್ಥಿರವಾದ ಚಿಕಿತ್ಸೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ದೊಡ್ಡ ಆಸ್ಪತ್ರೆಗಳಲ್ಲಿ, ಬೆಂಗಳೂರೂ ಸೇರಿ, 408 ಶಿಶುಗಳಲ್ಲಿ ನೋಡಿದ ಹೀಲಿಕ್ಸ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸಾವು ಅಥವಾ ಮಧ್ಯಮದಿಂದ ತೀವ್ರ ಅಂಗವೈಕಲ್ಯ ತಂಪು ಮಾಡಿದವರಲ್ಲಿ ಶೇಕಡ 50, ಮಾಡದವರಲ್ಲಿ 47, ಅಂದರೆ ಲಾಭವಿಲ್ಲ. ಸಾವು ಮಾತ್ರ ತಂಪು ಮಾಡಿದವರಲ್ಲಿ ಶೇಕಡ 42, ಮಾಡದವರಲ್ಲಿ 31. ತಾಪವನ್ನು ಯಂತ್ರ ಸರಿಯಾಗಿಯೇ ಹಿಡಿದಿತ್ತು, ಬೇರೆ ಇದ್ದದ್ದು ಶಿಶುಗಳೇ ಇರಬಹುದು: ಪೆಟ್ಟು ಬಿದ್ದ ಹೊತ್ತು, ತಾಯಿಯ ಆರೋಗ್ಯ, ಹೆರಿಗೆಯ ಪರಿಸ್ಥಿತಿ. ಬೇರೆ ದೇಶದ ಅಂಕಿ ನೋಡಿ ನಮ್ಮ ಮಕ್ಕಳಿಗೆ ಚಿಕಿತ್ಸೆ ಬರೆಯುವ ಮೊದಲು ಈ ಅಧ್ಯಯನವನ್ನು ಪೂರ್ತಿ ಓದಲೇಬೇಕು.

ಮನೆಯವರನ್ನು ಒಳಗೆ ಬಿಡುವ ಮೊದಲು ಒಂದು ಮಾತು ಹೇಳಬೇಕು. ಹೇಳದಿದ್ದರೆ ಕೈ ಮುಟ್ಟಿದ ಹೆಂಡತಿ ‘ಡಾಕ್ಟ್ರೇ, ಕೈ ತಣ್ಣಗಾಗಿದೆಯಲ್ಲ, ಇವರು ಇದ್ದಾರೋ ಇಲ್ವೋ ನಿಜ ಹೇಳಿ’ ಎಂದು ಕುಸಿದುಬಿಡುತ್ತಾರೆ. ‘ಅಮ್ಮಾ, ನಾವೇ ಮೈ ತಣ್ಣಗೆ ಇಟ್ಟಿದ್ದೇವೆ, ನಿದ್ದೆಯ ಔಷಧಿಯೂ ಕೊಟ್ಟಿದ್ದೇವೆ, ಅದಕ್ಕೇ ಮಾತಾಡಿಸಿದರೆ ಓಗೊಡುವುದಿಲ್ಲ. ಮೂರು ದಿನ ಆಗುವವರೆಗೆ ಎಚ್ಚರವಾಗುತ್ತಾರೋ ಇಲ್ಲವೋ ಯಾರೂ ಹೇಳಲಾಗದು’ ಎಂದು ಮೊದಲೇ ಹೇಳಿದರೆ ಅವರು ತಡೆದುಕೊಳ್ಳುತ್ತಾರೆ. ದಿನದ ಖರ್ಚು ಕೈಮೀರುತ್ತಿರುವ ಕುಟುಂಬ ಎರಡನೇ ದಿನವೇ ‘ಉಳಿಯುತ್ತಾರಾ’ ಎಂದು ಕೇಳುವುದು ಸಹಜ. ಆಗ ಅಂದಾಜಿನ ಉತ್ತರ ಕೊಟ್ಟರೆ ಅದೇ ತೀರ್ಪಾಗಿಬಿಡುತ್ತದೆ.

ತೀರ್ಪು 72 ಗಂಟೆಗೆ ಮುಂಚೆ ಇಲ್ಲ, ಅದೂ ಮಂಪರಿನ ಔಷಧಿ ಪೂರ್ತಿ ಇಳಿದ ಮೇಲೆ. ಮಿಡಜೋಲಮ್ ತಂಪಿನಲ್ಲಿ, ಅದರಲ್ಲೂ ಮೂತ್ರಪಿಂಡ, ಯಕೃತ್ತು ಸೋತವರಲ್ಲಿ, ನಿಲ್ಲಿಸಿದ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಅದಕ್ಕೇ ನಾವು ಪ್ರೊಪೊಫಾಲ್ ಕಡೆಗೆ ವಾಲುತ್ತೇವೆ. 72 ಗಂಟೆಯಲ್ಲಿ ನೋವು ಕೊಟ್ಟರೆ ಕೈ ಅಸಹಜವಾಗಿ ಮಡಚುವುದಕ್ಕಿಂತ ಹೆಚ್ಚಿನ ಪ್ರತಿಕ್ರಿಯೆ ಇಲ್ಲದಿದ್ದರೆ ಇವುಗಳಲ್ಲಿ ಕನಿಷ್ಠ ಎರಡು ಇವೆಯೇ ನೋಡಬೇಕು: ಎರಡೂ ಕಣ್ಣಿನ ಪಾಪೆ ಬೆಳಕಿಗೂ, ಕಾರ್ನಿಯಾ ಸ್ಪರ್ಶಕ್ಕೂ ಸ್ಪಂದಿಸದಿರುವುದು, ಕೈಯ ನರದ ಸಂಕೇತ ಮೆದುಳು ಮುಟ್ಟಿತೇ ಎಂದು ನೋಡುವ ಪರೀಕ್ಷೆಯಲ್ಲಿ ಎರಡೂ ಬದಿ ಎನ್20 ಅಲೆ ಇಲ್ಲದಿರುವುದು, 24 ಗಂಟೆ ಕಳೆದ ಮೇಲೂ ಇಇಜಿ ತೀರಾ ಕೆಟ್ಟದಾಗಿರುವುದು, 48 ಅಥವಾ 72 ಗಂಟೆಯಲ್ಲಿ, ನರಕೋಶ ಸತ್ತಾಗ ರಕ್ತಕ್ಕೆ ಸೇರುವ ಎನ್‌ಎಸ್‌ಇ 60ರ ಮೇಲಿರುವುದು, ಮೈಯೆಲ್ಲ ನಿಲ್ಲದೆ ಎಗರುವ ಮಯೋಕ್ಲೋನಸ್, ಸಿಟಿ ಅಥವಾ ಎಂಆರ್‌ಐಯಲ್ಲಿ ಮೆದುಳಿಡೀ ಹಾನಿ. ರಕ್ತದ ಮಾದರಿಯಲ್ಲಿ ಕೆಂಪುಕಣ ಒಡೆದಿದ್ದರೆ ಎನ್‌ಎಸ್‌ಇ ಸುಳ್ಳೇ ಏರುತ್ತದೆ, ಆ ಮಾದರಿ ಬಿಟ್ಟು ಇನ್ನೊಂದು ಕಳಿಸಬೇಕು. ಎರಡು ಗುರುತು ಸಿಗದಿದ್ದರೆ ಕಾಯುವುದು, ದಿನ ಬಿಟ್ಟು ಮತ್ತೆ ಪರೀಕ್ಷಿಸುವುದು. ಮೂರು ದಿನ ಕಳೆದ ಮೇಲೆ ಎಚ್ಚರವಾಗಿ, ನಡೆದು ಮನೆಗೆ ಹೋಗುವವರಿದ್ದಾರೆ.

ಹಾಗೆ ಹೋಗುವವರ ಡಿಸ್ಚಾರ್ಜ್ ಸಾರಾಂಶದಲ್ಲಿ ಹೃದಯದ ಮಾತ್ರೆಗಳ ಪಟ್ಟಿಯ ಜೊತೆ ನೆನಪು, ಗಮನ, ನಿದ್ದೆ, ಖಿನ್ನತೆ ಪರೀಕ್ಷಿಸಲು ಮೂರು ತಿಂಗಳೊಳಗಿನ ಒಂದು ದಿನಾಂಕವೂ ಇರಬೇಕು, ಜೊತೆಗೆ ಬರಬೇಕಾದ ಮನೆಯವರ ಹೆಸರು ಸಮೇತ. ಮಾತು, ನಡಿಗೆ ಸರಿಯಿದ್ದು ಅಂಗಡಿಯ ಲೆಕ್ಕ ಹಿಡಿಯಲಾಗದವರ ತೊಂದರೆ ಹೊರಗೆ ಗೊತ್ತಾಗುವುದು ಆ ಭೇಟಿಯಲ್ಲೇ.